ಕೆಂಪು ಜೆರ್ಸಿಯೊಳಗೆ ಇದ್ದವನು

ಕೊಪ್ಪಳ, 17 ನವೆಂಬರ್ 2024, ಭಾನುವಾರ

ಎರಡು ವರ್ಷಗಳಿಂದ ಬರೆಯುತ್ತಿರುವ ನನ್ನ ಪತ್ತೇದಾರಿ ಕಾದಂಬರಿಯ ಗಂಟು ಇಂದು ಆನೆಗೊಂದಿಯ ಹೊಳೆದಂಡೆಯಲ್ಲಿ ಬಿಚ್ಚಿಕೊಂಡಿತು. ಕಥೆ ನಡೆಯುವುದು ಮಾತ್ರ ಇಲ್ಲಿಂದ ಬಹುದೂರದ ಸಸಿಹಿತ್ಲುವಿನಲ್ಲಿ. ಹಲಗೆಯ ಮೇಲೆ ನಿಂತು ಕಡಲ ಅಲೆಗಳ ಮೇಲೆ ಸವಾರಿ ಮಾಡುವ ಆಟದ ಸ್ಪರ್ಧೆಯಾದ ಇಂಡಿಯನ್ ಓಪನ್ ಆಫ್ ಸರ್ಫಿಂಗ್ 2016ರ ಮೇ ತಿಂಗಳಿನಲ್ಲಿ ಮೊದಲ ಬಾರಿಗೆ ನಡೆದದ್ದು ಆ ಕಡಲತೀರದಲ್ಲಿಯೇ. ಶಾಂಭವಿ ಮತ್ತು ನಂದಿನಿ ನದಿಗಳು ಸಮುದ್ರ ಸೇರುವ ಆ ಅಳಿವೆಯನ್ನು ಕಂಡ ದಿನವೇ ಕಥೆಯ ಮೊದಲ ಸಾಲು ಹೊಳೆದಿತ್ತು.

ಸರ್ಫಿಂಗ್ ಸ್ಪರ್ಧೆಯಲ್ಲಿ ಐವರು ತೀರ್ಪುಗಾರರು ಪ್ರತಿ ಸವಾರಿಗೂ ಹತ್ತರೊಳಗೆ ಅಂಕ ಕೊಡುತ್ತಾರೆ. ಅತಿ ಹೆಚ್ಚಿನದನ್ನೂ ಅತಿ ಕಡಿಮೆಯದನ್ನೂ ಬಿಟ್ಟು ಉಳಿದ ಮೂರರ ಸರಾಸರಿಯನ್ನು ತೆಗೆದು, ಒಬ್ಬ ಸ್ಪರ್ಧಿಯ ಅತ್ಯುತ್ತಮ ಎರಡು ಸವಾರಿಗಳನ್ನಷ್ಟೇ ಲೆಕ್ಕಕ್ಕೆ ಹಿಡಿಯುತ್ತಾರೆ. ದಡದಿಂದ ನೋಡುವವರಿಗೆ ನೀರಿನಲ್ಲಿರುವವರು ಗುರುತಾಗುವುದು ಜೆರ್ಸಿಯ ಬಣ್ಣದಿಂದ. ನನ್ನ ಕೊಲೆಗಾರ ಬಳಸಿಕೊಂಡದ್ದು ಇದನ್ನೇ. ತೀರ್ಪುಗಾರರು ಹಿಂದೆಂದೂ ಕಂಡಿರದ ಹೊಸಬನಾದ ಅವನು, ತನ್ನ ಕೆಂಪು ಜೆರ್ಸಿಯನ್ನು ಗೆಳೆಯನಿಗೆ ತೊಡಿಸಿ ನೀರಿಗಿಳಿಸುತ್ತಾನೆ. ಇಪ್ಪತ್ತು ನಿಮಿಷದ ಆ ಸುತ್ತು ಮುಗಿಯುವಷ್ಟರಲ್ಲಿ ಗಾಳಿಮರಗಳ ಹಿಂದೆ ಕೊಲೆ ನಡೆದುಹೋಗಿರುತ್ತದೆ. ಇಷ್ಟನ್ನು ಹೆಣೆದ ಮೇಲೆ ಅವನನ್ನು ಹಿಡಿಯುವ ದಾರಿಯೇ ನನಗೆ ತೋಚಿರಲಿಲ್ಲ. ಕೊನೆಯಲ್ಲಿ ಅವನೇ ತಪ್ಪೊಪ್ಪಿಕೊಳ್ಳುವಂತೆ ಬರೆದಿದ್ದೆ. ಅದು ಓದುಗರಿಗೆ ಮಾಡುವ ಮೋಸವೆಂಬ ಕೊರಗು ಒಳಗೇ ಇತ್ತು.

ಇಂದು ಹರಿಗೋಲಿಗಾಗಿ ಕಾಯುತ್ತಿದ್ದಾಗ, ಆಚೆ ದಡದಿಂದ ಹೊರಟವನು ಯಾರೆಂದು ಅಲ್ಲಿದ್ದ ಹಿರಿಯರೊಬ್ಬರು ಹೆಸರಿಟ್ಟು ಹೇಳಿದರು. ನನಗೆ ಕಂಡದ್ದು ಒಂದು ಕಪ್ಪು ಚುಕ್ಕೆ ಮಾತ್ರ. ಹೇಗೆ ತಿಳಿಯಿತೆಂದು ಕೇಳಿದೆ.

“ಮಾರಿ ಯಾಕ ನೋಡಬೇಕವ್ವಾ? ಹುಟ್ಟು ಹಾಕೋದು ನೋಡಿದ್ರ ಸಾಕು. ಅಂವಾ ಎಡಚ.”

ಆ ಒಂದು ಮಾತು ಸಾಕಾಯಿತು. ಹಲಗೆಯ ಮೇಲೆ ಎಡಗಾಲು ಮುಂದಿಟ್ಟು ನಿಲ್ಲುವವರನ್ನು ರೆಗ್ಯುಲರ್ ಎಂದೂ, ಬಲಗಾಲು ಮುಂದಿಡುವವರನ್ನು ಗೂಫಿ ಎಂದೂ ಕರೆಯುತ್ತಾರೆ. ಪಳಗಿದವರು ಎರಡೂ ಬಗೆಯಲ್ಲಿ ನಿಲ್ಲಬಲ್ಲರು, ಆದ್ದರಿಂದ ನಿಲುವೊಂದೇ ಗಟ್ಟಿಯಾದ ಸಾಕ್ಷಿಯಾಗದು. ಆದರೆ ಹಲಗೆ ಕೈತಪ್ಪಿ ಹೋಗದಂತೆ ಕಣಕಾಲಿಗೆ ಬಿಗಿಯುವ ಲೀಶ್ ಎಂಬ ಹುರಿಯನ್ನು ತಮಗೆ ರೂಢಿಯಾದ ಹಿಂಗಾಲಿಗೇ ಕಟ್ಟಿಕೊಳ್ಳುತ್ತಾರೆ. ಗೆಳೆಯನು ಗೂಫಿಯಾಗಿದ್ದರೆ ಅದು ಎಡಗಾಲಿನಲ್ಲಿರುತ್ತದೆ; ಕೊಲೆಗಾರನದು ಬಲಗಾಲಿನಲ್ಲಿ. ಪ್ರೇಕ್ಷಕನೊಬ್ಬನ ಮೊಬೈಲಿನಲ್ಲಿ ಉಳಿದ ಒಂದೇ ಒಂದು ಚಿತ್ರ ಉಳಿದದ್ದನ್ನು ಹೇಳಬಲ್ಲದು.

ಸಂಜೆ ಮನೆಗೆ ಬಂದವಳೇ ತಪ್ಪೊಪ್ಪಿಗೆಯ ಹದಿನಾಲ್ಕು ಪುಟಗಳನ್ನು ತೆಗೆದುಹಾಕಿದೆ. ಸುಳಿವು ಓದುಗರ ಕಣ್ಣೆದುರಿಗೇ ಇರಬೇಕಾದ್ದರಿಂದ, ಮೂರನೆಯ ಅಧ್ಯಾಯದಲ್ಲಿ, ಗೆಳೆಯರಿಬ್ಬರೂ ನಗುತ್ತ ಹಲಗೆಗಳಿಗೆ ಮೇಣ ಉಜ್ಜುವ ಕಡೆ, ಒಂದು ವಾಕ್ಯವನ್ನು ಸೇರಿಸಿದ್ದೇನೆ: “ಅವನು ಮರಳಿನ ಮೇಲೆ ಕುಳಿತು, ಎಡಗಾಲಿನ ಪಟ್ಟಿಯನ್ನು ಇನ್ನೊಮ್ಮೆ ಬಿಗಿದುಕೊಂಡನು.”