31 ಡಿಗ್ರಿ ಅಂತೆ!

ಮೊಬೈಲ್ ತೋರಿಸ್ತಿರೋದು 31 ಡಿಗ್ರಿ. ಒಳನಾಡಿನ ಗೆಳೆಯರು 'ಅಷ್ಟೇನಾ? ಪುಣ್ಯವಂತರು ಬಿಡಿ' ಅಂತಾರೆ. ಬಂದು ನೋಡಲಿ! ಇಲ್ಲಿ ಬೆವರು ಸುರಿಯುತ್ತೆ, ಆರೋದಿಲ್ಲ. ಗಾಳಿಯಲ್ಲೇ ಅಷ್ಟು ನೀರಿದ್ರೆ ಮೈಮೇಲಿನದು ಹೋಗೋದಾದ್ರೂ ಎಲ್ಲಿಗೆ? ತೇವಾಂಶ ಶೇ. 75 ದಾಟಿದ್ರೆ ತೆರೆದಿಟ್ಟ ಉಪ್ಪೇ ನೀರೊಡೆಯುತ್ತೆ, ಇನ್ನು ನಾವು ಯಾವ ಲೆಕ್ಕ.

ತಂತಿ ಮೇಲಿನ ಬಟ್ಟೆ ಬೆಳಗ್ಗಿನಿಂದ ಹಾಗೇ ಇದೆ. ಮುಟ್ಟಿದ್ರೆ ಒಣಗಿದೆ ಅನ್ಸುತ್ತೆ. ಮಡಚೋಕೆ ಹೋದ್ರೆ ತಣ್ಣಗೆ, ಚೂರು ಅಂಟು. ಗೇಟಿನ ಹೊಸ ಕೀಲು ಆಗಲೇ ಕೆಂಪು ಪುಡಿ ಉದುರಿಸ್ತಿದೆ.

ಮಧ್ಯಾಹ್ನ ಮಾತ್ರ ಕಡಲಿಂದ ಗಾಳಿ ಏಳುತ್ತೆ, ಜೀವ ಬರುತ್ತೆ. ನೆಲ ಬೇಗ ಕಾಯುತ್ತೆ, ನೀರು ನಿಧಾನ, ಅದಕ್ಕೇ. ರಾತ್ರಿ ತಿರುವುಮುರುವು, ನೆಲದಿಂದ ಕಡಲಿಗೆ. ಹಾಯಿದೋಣಿಯ ಕಾಲದವರು ಆ ಗಾಳಿ ಹಿಡಿದು ನಸುಕಿಗೇ ಹೊರಟು, ಈ ಗಾಳಿಗೆ ಮರಳ್ತಿದ್ರು. ಈಗ ಎಂಜಿನ್ ಇದೆ. ಆದ್ರೂ ಹಳೇ ಬೋಟಿನವರು ಮೊದಲು ಆಕಾಶ ನೋಡ್ತಾರೆ, ಆಮೇಲೆ ಮೊಬೈಲು. ಎರಡನ್ನೂ ನೋಡ್ತಾರಲ್ಲ, ಅದೇ ನಂಗೆ ಇಷ್ಟ.

ನಾಡಿದ್ದು ಅಮಾವಾಸ್ಯೆ, ಉಬ್ಬರ ಜೋರಿರುತ್ತೆ. ದಡದಲ್ಲಿ ಬೈಕ್ ನಿಲ್ಲಿಸೋರು ಸ್ವಲ್ಪ ಮೇಲೇ ನಿಲ್ಲಿಸಿ ಮಾರಾಯ್ರೇ.