ವಾಯೇಜರ್ ಡೈರಿ: ಟೆರೇಸಿನ ಪೈಪ್ ಕೊನೆಗೂ ಸರಿಯಾಯಿತು

ಮೇ 2025, ಮೈಸೂರು

ಮೂರು ತಿಂಗಳಿಂದ ಮಾಡುತ್ತಿದ್ದ ಪೈಪಿನ ಕೆಲಸ ಮುಗಿದಿದೆ. ಅದರ ಜೊತೆಗೆ ಈ ವಾರ ನಾಸಾದ ವಾಯೇಜರ್ 1 ಬಾಹ್ಯಾಕಾಶ ನೌಕೆಯ ಕಡೆಯಿಂದಲೂ ಒಳ್ಳೆ ಸುದ್ದಿ ಬಂತು. ಎರಡನ್ನೂ ಬರೆದಿಡುತ್ತೇನೆ.

ಮೊದಲು ಪೈಪ್. ವಾಯೇಜರ್ 1 ಆಕಾಶದಲ್ಲಿ ಎಲ್ಲಿದೆ ಅಂತ ಹುಡುಕುವಾಗ ಒಂದು ಅಂಕಿ ಕಣ್ಣಿಗೆ ಬಿತ್ತು. ಭೂಮಧ್ಯರೇಖೆಯನ್ನು ಆಕಾಶಕ್ಕೆ ಹಿಗ್ಗಿಸಿದರೆ, ನೌಕೆ ಅದರಿಂದ ಸುಮಾರು 12 ಡಿಗ್ರಿ ಉತ್ತರಕ್ಕಿದೆ. ಮೈಸೂರು ಇರುವುದೂ ಹೆಚ್ಚುಕಡಿಮೆ 12.3 ಡಿಗ್ರಿ ಉತ್ತರದಲ್ಲೇ! ಅಂದರೆ ದಿನಕ್ಕೊಂದು ಸಲ ವಾಯೇಜರ್ 1 ನಮ್ಮ ನೆತ್ತಿಯ ಮೇಲೆಯೇ ಹಾದುಹೋಗುತ್ತದೆ. ಇದು ಗೊತ್ತಾದ ದಿನ ನನಗೆ ನಿದ್ದೆ ಬರಲಿಲ್ಲ. 1977ರ ಸೆಪ್ಟೆಂಬರ್ 5ರಂದು ಹೊರಟ ನೌಕೆ, ಮನುಷ್ಯರು ಮಾಡಿದ್ದರಲ್ಲೇ ಅತಿ ದೂರ ಹೋಗಿರುವ ವಸ್ತು, ನಮ್ಮ ಟೆರೇಸಿನ ನೇರ ಮೇಲೆ.

ನೌಕೆಯಂತೂ ಕಾಣುವುದಿಲ್ಲ, ಯಾವ ದೂರದರ್ಶಕಕ್ಕೂ ಅಷ್ಟು ಚಿಕ್ಕದು ಸಿಗದು. ಆದರೆ ಅದರ ಜಾಗ ತೋರಿಸಬಹುದು. ಅದಕ್ಕೆ ಮೂರಿಂಚಿನ ಪಿವಿಸಿ ಪೈಪ್, ಮೂರಡಿ ಉದ್ದ, ನೆಟ್ಟಗೆ ಮೇಲಕ್ಕೆ ನಿಲ್ಲಿಸಿದೆ. ಕೆಳಗೆ ಚಾಪೆ ಹಾಕಿ ಮಲಗಿ ನೋಡುವುದು. ಮೊದಲ ಎರಡು ಪ್ರಯತ್ನದಲ್ಲಿ ನಾನು ಕಾಯುತ್ತಿದ್ದ ನಕ್ಷತ್ರ ಪೈಪಿನೊಳಗೆ ಬರಲೇ ಇಲ್ಲ. ಸ್ಪಿರಿಟ್ ಲೆವೆಲ್ ಆ್ಯಪ್ ನಂಬಿಕೊಂಡಿದ್ದೆ, ಪೈಪ್ ಒಂದೂವರೆ ಡಿಗ್ರಿ ವಾಲಿತ್ತು. ಪಕ್ಕದ ಮನೆ ಕಟ್ಟುತ್ತಿರುವ ಮೇಸ್ತ್ರಿ ನೋಡಿ, "ಫೋನ್ ಬಿಡಿ ಸಾರ್, ಗುಂಡು ಇಳಿಬಿಡಿ" ಅಂದರು. ಗೋಡೆ ನೆಟ್ಟಗಿದೆಯಾ ಅಂತ ನೋಡುವ ದಾರದ ಗುಂಡು. ಪೈಪಿನ ನಡುವಿಂದ ಅದನ್ನು ಇಳಿಸಿ, ನಾಲ್ಕು ಕಡೆ ತಂತಿ ಬಿಗಿದು, ಅರ್ಧ ಗಂಟೆಯಲ್ಲಿ ಸರಿಮಾಡಿಕೊಟ್ಟರು. ಯಾಕೆ ಅಂತ ಹೇಳಿದಾಗ ಅವರೂ ಒಂದು ಕ್ಷಣ ತಲೆ ಎತ್ತಿ ನೋಡಿದರು.

ಏಪ್ರಿಲ್ ಕೊನೆಯ ಅಮಾವಾಸ್ಯೆ ರಾತ್ರಿ, ಬೆಳಗಿನ ಜಾವ 3 ದಾಟಿತ್ತು. ಪೈಪಿನ ಉತ್ತರದ ಅಂಚಿನಲ್ಲಿ ಒಂದು ಕೆಂಚು ಚುಕ್ಕೆ ಬಂತು. ರಾಸಲ್‌ಗೆತಿ ನಕ್ಷತ್ರ. ಅದು ಅಂಚಿನಲ್ಲಿ ಸಾಗುವ ಹೊತ್ತಿಗೆ ಸುಮಾರು ಎರಡು ಡಿಗ್ರಿ ದಕ್ಷಿಣಕ್ಕೆ, ಪೈಪಿನ ನಡುವಿನ ಕತ್ತಲಲ್ಲಿ, ವಾಯೇಜರ್ ಇತ್ತು. ಇಪ್ಪತ್ತು ನಿಮಿಷ ಬಿಟ್ಟು, ನಮ್ಮ ನೆತ್ತಿಯ ಮೇಲೆಯೇ ಸಾಗುವ ರಾಸಲ್‌ಹೇಗ್ ನಕ್ಷತ್ರ ಸರಿಯಾಗಿ ನಡುವಿನಲ್ಲೇ ಹಾದುಹೋಯಿತು. ಅಲ್ಲಿಗೆ ಪೈಪ್ ನೆಟ್ಟಗಿದೆ ಅಂತ ಖಾತ್ರಿಯಾಯಿತು. ನಾನು ಮಾತ್ರ ಆ ಮೊದಲಿನ ಖಾಲಿ ಕತ್ತಲನ್ನೇ ನೆನೆಯುತ್ತಾ ಬೆಳಗಾಗುವವರೆಗೂ ಅಲ್ಲೇ ಮಲಗಿದ್ದೆ. ಆ ನೌಕೆಯಲ್ಲಿರುವ ಚಿನ್ನದ ಲೇಪದ ಧ್ವನಿಮುದ್ರಿಕೆಯಲ್ಲಿ 55 ಭಾಷೆಗಳ ಶುಭಾಶಯ ಇದೆ. ಅದರಲ್ಲಿ "ನಮಸ್ತೆ, ಕನ್ನಡಿಗರ ಪರವಾಗಿ ಶುಭಾಶಯಗಳು" ಅನ್ನುವುದೂ ಒಂದು.

ಇನ್ನು ನೌಕೆಯ ಬಗ್ಗೆ ನಾನು ಬರೆದಿಡುವ ನೋಟ್‌ಬುಕ್. 2023ರ ನವೆಂಬರ್‌ನಲ್ಲಿ ವಾಯೇಜರ್ 1 ಅರ್ಥವಿಲ್ಲದ ಅಂಕಿಗಳನ್ನು ಕಳಿಸತೊಡಗಿದಾಗ ಇದನ್ನು ಶುರುಮಾಡಿದ್ದು. ಹೋಗೇಬಿಟ್ಟಿತು ಅಂದುಕೊಂಡಿದ್ದೆ. ಮಾಹಿತಿ ಜೋಡಿಸುವ ಕಂಪ್ಯೂಟರಿನ ಒಂದು ಚಿಪ್ ಕೆಟ್ಟು, ನೆನಪಿನ ನೂರರಲ್ಲಿ ಮೂರು ಭಾಗ ಹಾಳಾಗಿತ್ತು. ಅಲ್ಲಿದ್ದ ಕೋಡನ್ನು ಇಡೀ ಎತ್ತಿಡುವಷ್ಟು ಖಾಲಿ ಜಾಗ ಬೇರೆಲ್ಲೂ ಇರಲಿಲ್ಲ. ಎಂಜಿನಿಯರುಗಳು ಅದನ್ನು ತುಂಡು ಮಾಡಿ, ಸಿಕ್ಕಸಿಕ್ಕ ಸಂದಿಗಳಲ್ಲಿ ಸೇರಿಸಿ, ತುಂಡುಗಳು ಒಂದನ್ನೊಂದು ಹುಡುಕಿಕೊಳ್ಳುವ ಹಾಗೆ ಮಾಡಿದರು. 2024ರ ಏಪ್ರಿಲ್ 18ರಂದು ಆದೇಶ ಹೋಯಿತು, 20ರಂದು ಉತ್ತರ ಬಂತು. ನನ್ನ ನೋಟ್‌ಬುಕ್ಕಿನಲ್ಲಿ ಆ ದಿನದ ಪುಟದಲ್ಲಿ "ಬಂತು" ಅನ್ನುವ ಒಂದೇ ಪದ ಇದೆ.

ಅವತ್ತಿನಿಂದ ವಾರಕ್ಕೊಮ್ಮೆ ನೌಕೆಯ ದೂರ ಬರೆಯುತ್ತೇನೆ. ಫೆಬ್ರವರಿ-ಮಾರ್ಚ್‌ನಲ್ಲಿ ದೂರ ಕಡಿಮೆಯಾಗುತ್ತಾ ಹೋಗುವುದನ್ನು ನೋಡಿ, ತಪ್ಪು ಬರೆದೆನಾ ಅಂತ ಗಾಬರಿಯಾಗಿತ್ತು. ತಪ್ಪಲ್ಲ. ವಾಯೇಜರ್ ಸೆಕೆಂಡಿಗೆ 17 ಕಿಲೋಮೀಟರ್ ದೂರ ಹೋಗುತ್ತಿದ್ದರೂ, ಸೂರ್ಯನ ಸುತ್ತ ಭೂಮಿ ಓಡುವುದು ಸೆಕೆಂಡಿಗೆ ಸುಮಾರು 30 ಕಿಲೋಮೀಟರ್. ಆ ತಿಂಗಳುಗಳಲ್ಲಿ ನಾವೇ ಅದರ ಕಡೆಗೆ ಓಡುತ್ತಿರುತ್ತೇವೆ. ಆಮೇಲೆ ಭೂಮಿ ತಿರುಗಿಕೊಳ್ಳುತ್ತದೆ, ದೂರ ಮತ್ತೆ ಬೆಳೆಯುತ್ತದೆ. ನನ್ನ ಗ್ರಾಫು ಈಗ ಮೆಟ್ಟಿಲಿನ ಹಾಗೆ ಕಾಣುತ್ತದೆ. ಈ ಇಡೀ ಹವ್ಯಾಸದಲ್ಲಿ ನನಗೆ ಜಾಸ್ತಿ ಖುಷಿ ಕೊಟ್ಟಿದ್ದು ಇದೇ.

ಈ ವಾರದ ಸುದ್ದಿ: ನೌಕೆ ಹೊರಳದಂತೆ ಹಿಡಿಯುವ ಮೂಲ ಥ್ರಸ್ಟರುಗಳು (ಪುಟ್ಟ ಎಂಜಿನ್‌ಗಳು) 2004ರಿಂದ ಸತ್ತಂತಿದ್ದವು. ಅವುಗಳ ಎರಡು ಪುಟ್ಟ ಹೀಟರುಗಳಿಗೆ ವಿದ್ಯುತ್ ನಿಂತಿತ್ತು. ಬದಲಿ ಥ್ರಸ್ಟರುಗಳ ಕೊಳವೆ ಕಟ್ಟಿಕೊಳ್ಳುತ್ತಿದೆ, ಹಾಗಾಗಿ ಹಳೆಯವನ್ನೇ ಎಬ್ಬಿಸಲು ನೋಡಿದರು. ಮಾರ್ಚ್ 20ರಂದು ಹೀಟರುಗಳ ಬಿಸಿ ಏರಿದ್ದು ಗೊತ್ತಾಯಿತು. ಇದನ್ನು ಈಗಲೇ ಮಾಡಬೇಕಿತ್ತು. ನೌಕೆಗೆ ಆದೇಶ ಕಳಿಸುವ, ಆಸ್ಟ್ರೇಲಿಯಾದ ಕ್ಯಾನ್‌ಬೆರಾದ 70 ಮೀಟರ್ ಆಂಟೆನಾ ಈ ತಿಂಗಳಿಂದ ಮುಂದಿನ ಫೆಬ್ರವರಿವರೆಗೆ ದುರಸ್ತಿಗೆ ಹೋಗುತ್ತಿದೆ. ಇಪ್ಪತ್ತೊಂದು ವರ್ಷ ಸತ್ತೇಹೋಯಿತು ಅಂದುಕೊಂಡಿದ್ದನ್ನು ಮತ್ತೆ ಮುಟ್ಟಿ ನೋಡುವ ಆ ಧೈರ್ಯಕ್ಕೆ ನಾನು ತಲೆಬಾಗುತ್ತೇನೆ.

ಮುಂದಿನ ಕೆಲಸ ಇದರ ಜೋಡಿ ನೌಕೆ ವಾಯೇಜರ್ 2. ಅದು ತೀರಾ ದಕ್ಷಿಣದಲ್ಲಿದೆ. ಕ್ಯಾಲಿಫೋರ್ನಿಯಾ, ಸ್ಪೇನ್‌ಗಳ ಆಂಟೆನಾಗಳಿಗೆ ಅದು ಹುಟ್ಟುವುದೇ ಇಲ್ಲ. ನಮ್ಮ ಮೈಸೂರಿನಲ್ಲಿ ದಕ್ಷಿಣದ ಅಂಚಿನ ಮೇಲೆ ಸುಮಾರು 18 ಡಿಗ್ರಿ ಏರುತ್ತದೆ. ಎದುರುಮನೆಯ ನೀರಿನ ಟ್ಯಾಂಕ್ ಅಡ್ಡ ಬರುತ್ತದೆ, ಟೆರೇಸಿನ ಇನ್ನೊಂದು ಮೂಲೆ ನೋಡಬೇಕು.

ಈಗ ವಾಯೇಜರ್ 1ರ ಸಂಕೇತ ಇಲ್ಲಿಗೆ ಬರಲು ಸುಮಾರು 23 ಗಂಟೆ ಬೇಕು. 2026ರ ನವೆಂಬರ್ ಮಧ್ಯದಲ್ಲಿ ಅದು ಪೂರ್ತಿ 24 ಗಂಟೆ ಆಗುತ್ತದೆ, ದೂರ 2,590 ಕೋಟಿ ಕಿಲೋಮೀಟರ್. ನೆತ್ತಿಯ ಮೇಲಿದ್ದಾಗ ಅದು ಕಳಿಸಿದ ಮಾತು, ಮರುದಿನ ಮತ್ತೆ ನೆತ್ತಿಗೆ ಬರುವ ಹೊತ್ತಿಗೆ ಇಲ್ಲಿ ಮುಟ್ಟುತ್ತದೆ. ಲೆಕ್ಕ ಹಾಕಿದೆ, ಆ ದಿನ ಅದು ನೆತ್ತಿಗೆ ಬರುವುದು ಮಧ್ಯಾಹ್ನ 2 ಗಂಟೆ ಸುಮಾರಿಗೆ. ಪೈಪಿನಲ್ಲಿ ಬರೀ ನೀಲಿ ಕಾಣುತ್ತದೆ. ಅವತ್ತು ರಜೆ ಹಾಕುತ್ತೇನೆ, ಚಾಪೆ ಅಲ್ಲೇ ಇರುತ್ತದೆ.