ಚೆಂಡು ನಿಲ್ಲುವವರೆಗೆ

ಬಿಲಿಯರ್ಡ್ಸ್ ಪಂದ್ಯವನ್ನು ಚಿತ್ರೀಕರಿಸುವವರು ಹೊಡೆತ ಮುಗಿಯುವ ಮೊದಲೇ ಕ್ಯಾಮೆರಾವನ್ನು ಆಟಗಾರನ ಮುಖದತ್ತ ತಿರುಗಿಸಬಾರದು ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ನಿನ್ನೆ ರಾತ್ರಿ ಧಾರವಾಡದ ಮನೆಯಲ್ಲಿ ಫೋನಿನಲ್ಲಿ ಪಂದ್ಯ ನೋಡುತ್ತಿದ್ದಾಗ ಹೀಗೇ ಆಯಿತು, ಪಕ್ಕದಲ್ಲಿದ್ದ ತಮ್ಮ, "ಅಣ್ಣಾ, ಕೆಂಪು ಚೆಂಡು ಎತ್ತ ಹೋತು?" ಎಂದು ಕೇಳಿದ.

ಮೂರೇ ಚೆಂಡುಗಳ ಈ ಆಟದಲ್ಲಿ ಕೆಂಪು ಚೆಂಡು ಪಾಕೆಟ್ಟಿಗೆ ಬಿದ್ದರೆ 3 ಅಂಕ, ಹೊಡೆದ ಚೆಂಡು ಉಳಿದೆರಡನ್ನೂ ತಾಗಿ ಕ್ಯಾನನ್ ಆದರೆ 2 ಅಂಕ. ಆದರೆ ಅಂಕಕ್ಕಿಂತ ದೊಡ್ಡ ಜಾಣ್ಮೆ ಇರುವುದು ಮುಂದಿನ ಹೊಡೆತಕ್ಕೆ ಅನುಕೂಲವಾಗುವಂತೆ ಮೂರನ್ನೂ ತಂದು ನಿಲ್ಲಿಸುವುದರಲ್ಲಿ. ಸುಮಾರು 12 ಅಡಿ ಉದ್ದ, 6 ಅಡಿ ಅಗಲದ ಮೇಜು ಪೂರ್ತಿಯಾಗಿ ಕಾಣಬೇಕಾದರೆ ನೆತ್ತಿಯ ಮೇಲಿಂದ ನೇರವಾಗಿ ನೋಡುವ ಕ್ಯಾಮೆರಾ ಬೇಕು. ಹೊಡೆಯುವ ಕೋಲು, ಅಂದರೆ ಕ್ಯೂ, ಚೆಂಡಿನ ಮೇಲ್ಭಾಗಕ್ಕೆ ತಾಗಿತೋ ಕೆಳಭಾಗಕ್ಕೋ ಎಂಬುದು ಮಾತ್ರ ಅಲ್ಲಿಂದ ತಿಳಿಯದು. ಅದಕ್ಕೆ ಮೇಜಿನ ಮಟ್ಟದಲ್ಲಿ ಇನ್ನೊಂದನ್ನಿಟ್ಟು, ಚೆಂಡುಗಳು ನಿಂತ ಬಳಿಕ ಆ ದೃಶ್ಯವನ್ನು ನಿಧಾನವಾಗಿ ತೋರಿಸಿದರೆ ಸಾಕು.

ಮೇಜಿನ ಅಂಚಿನ ರಬ್ಬರ್ ಪಟ್ಟಿಯಾದ ಕುಶನ್ನಿನ ಪಕ್ಕ ಮೂರೂ ಚೆಂಡುಗಳು ಗೇಣಿನಷ್ಟು ಜಾಗದಲ್ಲಿ ಸೇರಿ, ಆಟಗಾರ ಅವನ್ನು ಕೂದಲೆಳೆಯಷ್ಟೇ ಸರಿಸುತ್ತ ಒಂದರ ಹಿಂದೊಂದು ಕ್ಯಾನನ್ ಮಾಡುವಾಗ ಮಾತ್ರ ಚಿತ್ರ ತೀರಾ ಹತ್ತಿರಕ್ಕೆ ಬರಬೇಕು. ಆಗ ವೀಕ್ಷಕ ವಿವರಣೆಕಾರರೂ ಸ್ವಲ್ಪ ಸುಮ್ಮನಿದ್ದರೆ ಚೆಂಡು ಚೆಂಡಿಗೆ ತಾಗುವ ಸದ್ದು ಕೇಳಿಸುತ್ತದೆ.

1958ರಲ್ಲಿ ವಿಲ್ಸನ್ ಜೋನ್ಸ್ ವಿಶ್ವ ಹವ್ಯಾಸಿ ಬಿಲಿಯರ್ಡ್ಸ್ ಪ್ರಶಸ್ತಿ ಗೆದ್ದ ದೇಶ ನಮ್ಮದು, ಹಲವು ಬಾರಿ ವಿಶ್ವ ಚಾಂಪಿಯನ್ ಆದ ಪಂಕಜ್ ಅಡ್ವಾಣಿ ನಮ್ಮ ಬೆಂಗಳೂರಿನವರು. ಹುಬ್ಬಳ್ಳಿಯಲ್ಲಿ ಫೋನಿನಿಂದಲೇ ಪಂದ್ಯ ಚಿತ್ರೀಕರಿಸುವ ಗೆಳೆಯರು ಮೇಜಿನ ದೀಪದ ಚೌಕಟ್ಟಿಗೆ ಫೋನನ್ನು ಭದ್ರವಾಗಿ ಕಟ್ಟಿ, ಬಿಳಿ ಚೆಂಡು ಕಣ್ಣು ಕುಕ್ಕದಂತೆ ಕ್ಯಾಮೆರಾದಲ್ಲಿ ಬೆಳಕಿನ ಪ್ರಮಾಣವನ್ನು ತಗ್ಗಿಸಿಕೊಳ್ಳಲಿ.